ಮೂರನೇ ಸಾಲಿನ ಕಡೆ ಮುಖ ಮಾಡಿದ್ದ ಉದ್ದ ಮೈಕು

ಸಭೆಯ ಅಧ್ಯಕ್ಷತೆ ವಹಿಸಿರುವ ಮಾನ್ಯ ಪ್ರಾಂಶುಪಾಲರೇ, ಮುಖ್ಯ ಅತಿಥಿಗಳಾಗಿ ಬಂದಿರುವ ರೆಕಾರ್ಡಿಂಗ್ ಎಂಜಿನಿಯರ್ ಸರ್ ಅವರೇ, ನಮ್ಮ ಧ್ವನಿ ಸಂಘದ ಹಿರಿಯರೇ, ಕಿರಿಯರೇ (ಕಿರಿಯರು ಅಂದರೆ ಸದ್ಯಕ್ಕೆ ನಾನೊಬ್ಬಳೇ), ಮತ್ತು ಹೊರಗೆ ಚಹಾ ಆರುತ್ತಿದ್ದರೂ ಒಳಗೆ ಕೂತಿರುವ ಸಹನಾಮೂರ್ತಿಗಳಾದ ಸಭಿಕರೇ,

ನನಗೆ ಕೊಟ್ಟಿರುವ ವಿಷಯ, ‘ಸಂಗೀತ ಕಛೇರಿಯಲ್ಲಿ ಸಭೆಯ ಸದ್ದು ಹಿಡಿಯಲು ಮೈಕ್ ಆರಿಸುವುದು ಹೇಗೆ’. ಮೊನ್ನೆಯ ಕಾರ್ಯಕ್ರಮ ಚೆನ್ನಾಗಿ ಆಯಿತು, ರೆಕಾರ್ಡಿಂಗ್ ಚೆನ್ನಾಗಿ ಬಂದಿದೆ ಎಂದು ಇವತ್ತು ನಮ್ಮ ತಂಡಕ್ಕೆ ಅಭಿನಂದನೆ. ತಂಡದ ಪರವಾಗಿ ಮಾತಾಡಲು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡೆಗೆ ಎಲ್ಲರೂ ನನ್ನ ಮುಖ ನೋಡಿದರು. ಮೊದಲನೇ ವರ್ಷದವರಿಗೆ ಬೇರೆಯವರ ಮುಖ ನೋಡುವ ಹಕ್ಕು ಇನ್ನೂ ಬಂದಿರುವುದಿಲ್ಲ.

ಇನ್ನೊಂದು ಮಾತು. ನನ್ನದು ಹಾಸ್ಟೆಲ್ ಕನ್ನಡ. ಕ್ಲಾಸಿನಲ್ಲಿ ಇಂಗ್ಲಿಷ್, ಊಟದ ಕೋಣೆಯಲ್ಲಿ ಹತ್ತು ಕಡೆಯ ಹುಡುಗಿಯರ ಹತ್ತು ಬಗೆಯ ಕನ್ನಡ, ರಜೆಯಲ್ಲಿ ಮಾತ್ರ ಅಮ್ಮನ ಕನ್ನಡ. ಎಲ್ಲಾದರೂ ಎಡವಿದರೆ ಬಿದ್ದವಳನ್ನು ಅಲ್ಲೇ ಬಿಟ್ಟು ನೀವು ಮುಂದೆ ಹೋಗಿ, ನಾನು ಎದ್ದು ಬಂದು ಸೇರಿಕೊಳ್ಳುತ್ತೇನೆ.

ಸಭಿಕರೇ, ಹಾಡುವವರಿಗೆ ಮೈಕ್ ಬೇಕು ಎಂದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ. ಆದರೆ ಕೇಳುವವರಿಗೆ ಮೈಕ್ ಯಾಕೆ? ನೀವು ಸುಮ್ಮನೆ ಕೂತು ಕೇಳುತ್ತೀರಿ, ಮೆಚ್ಚಿದರೆ ಚಪ್ಪಾಳೆ ತಟ್ಟುತ್ತೀರಿ, ಬೇಸರವಾದರೆ ಕೆಮ್ಮುತ್ತೀರಿ. ಇದನ್ನು ಹಿಡಿದಿಟ್ಟು ಏನು ಮಾಡುವುದು?

ಎರಡು ಕಾರಣ. ಒಂದು, ರೆಕಾರ್ಡಿಂಗ್. ಸಭೆಯ ಸದ್ದಿಲ್ಲದ ಕಛೇರಿಯನ್ನು ಆಮೇಲೆ ಕೇಳಿದರೆ, ಹಾಡಿದವರು ಬೀಗ ಹಾಕಿದ ಕೋಣೆಯಲ್ಲಿ ಹಾಡಿದ ಹಾಗಿರುತ್ತದೆ. ಎರಡನೆಯ ಕಾರಣ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಈಗ ಬಹಳ ಗಾಯಕರು ಕಿವಿಯೊಳಗೆ ಸಣ್ಣ ಇಯರ್‌ಫೋನ್ ಹಾಕಿಕೊಂಡು ಹಾಡುತ್ತಾರೆ. ಅವರ ದನಿ, ವಾದ್ಯಗಳ ದನಿ ಅದರಲ್ಲಿ ಕೇಳಿಸುತ್ತದೆ. ಕಿವಿ ಬಿರಡೆ ಹಾಕಿದ ಸೀಸೆಯಂತೆ ಮುಚ್ಚಿರುವುದರಿಂದ ಎದುರಿಗಿರುವ ಜನ ಮಾತ್ರ ಕೇಳಿಸುವುದಿಲ್ಲ. ನಾವು ಒಂದು ಮೈಕ್ ಇಟ್ಟು ಸಭೆಯನ್ನು ಅವರ ಕಿವಿಗೆ ತಲುಪಿಸಬೇಕು. ತಲುಪಿಸದಿದ್ದರೆ ಅವರ ಪಾಲಿಗೆ ನೀವು ಇಲ್ಲ.

ಮೊನ್ನೆ ಹಾಡಿದ ಗಾಯಕಿ ನನ್ನ ಅಮ್ಮ. ಈ ವಿಷಯ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಗೊತ್ತಿಲ್ಲದವರಿಗೆ ನಮ್ಮ ಪ್ರಾಂಶುಪಾಲರು ಸ್ವಾಗತ ಭಾಷಣದಲ್ಲಿ ಮೂರು ಸಲ ಹೇಳಿದರು. ಗೊತ್ತಿಲ್ಲದೇ ಇರುವುದು ಏನೆಂದರೆ, ಅದು ಅವರ ಕೊನೆಯ ಕಛೇರಿ ಆಗುವುದರಲ್ಲಿತ್ತು.

ಎರಡು ವರ್ಷದ ಹಿಂದೆ ಅಮ್ಮನ ಕಿವಿಯಲ್ಲಿ ಗುಂಯ್‌ಗುಡುವುದು ಶುರುವಾಯಿತು. ಡಾಕ್ಟರು, ‘ವೇದಿಕೆಯ ಸ್ಪೀಕರಿನ ಎದುರು ಇನ್ನು ನಿಲ್ಲಬೇಡಿ, ಕಿವಿ ಮುಚ್ಚಿಕೊಂಡು ಹಾಡುವುದಾದರೆ ಹಾಡಿ’ ಎಂದರು. ಸರಿ, ಇಯರ್‌ಫೋನ್ ಬಂತು. ಮೊದಲ ಕಾರ್ಯಕ್ರಮದಲ್ಲೇ ಅಮ್ಮ ಅರ್ಧಕ್ಕೆ ಎದ್ದರು. ಗಂಟಲು ನೋವು ಎಂದು ಹೇಳಿ ಬಂದರು. ಗಂಟಲು ಚೆನ್ನಾಗಿಯೇ ಇತ್ತು. ಮನೆಗೆ ಬಂದು ಹೇಳಿದ್ದು ಇಷ್ಟು: ‘ಗಾಜಿನ ತೊಟ್ಟಿ ಕಣೇ. ಆ ಕಡೆ ಮೀನುಗಳು. ಕೈ ಆಡಿಸ್ತಾವೆ, ಬಾಯಿ ಆಡಿಸ್ತಾವೆ, ಸದ್ದಿಲ್ಲ. ನಾನು ಯಾರಿಗೆ ಹಾಡ್ಲಿ?’

ಅವತ್ತಿನಿಂದ ಹಾಡಲಿಲ್ಲ. ಅಡುಗೆಮನೆಯಲ್ಲೂ ಹಾಡಲಿಲ್ಲ. ಅಮ್ಮನ ತಂಡದ ವ್ಯಾನು ಓಡಿಸುತ್ತಿದ್ದ ಅಪ್ಪ, ಅದನ್ನು ತೊಳೆದು ತೊಳೆದು ಬಣ್ಣವೇ ಸವೆಸಿದರು. ನಾನು ಈ ಕಾಲೇಜಿಗೆ ಸೇರಿ, ಧ್ವನಿ ಸಂಘಕ್ಕೂ ಸೇರಿ, ಒಂದು ದಿನ ಧೈರ್ಯ ಮಾಡಿ ಫೋನಿನಲ್ಲಿ ಕೇಳಿದೆ. ‘ನಮ್ಮಲ್ಲಿ ಬಂದು ಹಾಡಮ್ಮಾ, ಸಭೆ ಕೇಳಿಸೋ ಹಾಗೆ ನಾನು ಮಾಡ್ತೀನಿ.’ ಅಮ್ಮ, ‘ಇದೊಂದು ಬರ್ತೀನಿ. ಇದೂ ಆಗ್ಲಿಲ್ಲ ಅಂದ್ರೆ ಮುಗೀತು. ಆಮೇಲೆ ನೀನೂ ಕೇಳ್ಬಾರ್ದು, ನಿಮ್ಮಪ್ಪನೂ ಕೇಳ್ಬಾರ್ದು’ ಎಂದರು.

ಸಭಿಕರೇ, ಮೊದಲನೇ ವರ್ಷದ ವಿದ್ಯಾರ್ಥಿನಿಗೆ ಇಂಥ ಹೋಂವರ್ಕ್ ಯಾರಾದರೂ ಕೊಡುತ್ತಾರೆಯೇ?

ಈಗ ಮೈಕ್ ವಿಷಯಕ್ಕೆ ಬರುತ್ತೇನೆ. ಅಲ್ಲಿ ಕೂತಿರುವ ನಮ್ಮ ಕೊನೆಯ ವರ್ಷದ ಹಿರಿಯರು, ನಾವೆಲ್ಲ ಫ್ಯೂಸಣ್ಣ ಎಂದು ಕರೆಯುವವರು, ನನ್ನ ಗುರುಗಳು. ಮೊದಲನೇ ವರ್ಷದಲ್ಲಿ ಇಡೀ ಕಟ್ಟಡದ ಫ್ಯೂಸ್ ಹಾರಿಸಿದ್ದರಿಂದ ಆ ಹೆಸರು. ಕ್ಷಮಿಸಿ ಅಣ್ಣ, ನಿಮ್ಮ ನಿಜವಾದ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಫ್ಯೂಸಣ್ಣ ಮೊದಲು ಹೇಳಿದ್ದು, ‘ಮೈಕ್ ಆರಿಸೋದು ಅಂದ್ರೆ ಯಾವ ಕಂಪನಿ ಅಂತ ಅಲ್ಲಮ್ಮಾ. ಅದು ಯಾವ ಕಡೆ ಕೇಳುತ್ತೆ, ಯಾವ ಕಡೆ ಕಿವುಡು, ಎಲ್ಲಿ ನಿಲ್ಲಿಸ್ತೀಯಾ, ಇಷ್ಟೇ.’ ಕೇಳಲು ಸುಲಭ. ಮಾಡಲು ಹೋದಾಗ ಮೂರು ಸಲ ಎಡವಿದೆವು.

ಜನ ಕೂರುವುದು ಹಿಂದೆ, ಹಾಗಾದರೆ ಮೈಕೂ ಹಿಂದೆ ಎಂದುಕೊಂಡು ಮೊದಲು ಸಭಾಂಗಣದ ಹಿಂಗೋಡೆಯ ಹತ್ತಿರ ಇಟ್ಟೆವು. ರಿಹರ್ಸಲಿನಲ್ಲಿ ಅಮ್ಮ ಒಂದು ಸಾಲು ಹಾಡಿ ನಿಲ್ಲಿಸಿದರು. ‘ಯಾರೋ ನನ್ನ ಹಿಂದೇನೇ ಅಣಕಿಸ್ತಾ ಹಾಡ್ತಿದಾರಲ್ಲ?’ ಯಾರೂ ಇರಲಿಲ್ಲ. ಅದು ಅವರದೇ ದನಿ. ಸ್ಪೀಕರಿನಿಂದ ಹೊರಟು, ಇಡೀ ಸಭಾಂಗಣ ದಾಟಿ, ಆ ಮೈಕಿಗೆ ಸಿಕ್ಕಿ, ತಡವಾಗಿ ಅವರ ಕಿವಿಗೇ ವಾಪಸ್ ಬರುತ್ತಿತ್ತು. ಆಮೇಲೆ ಸುತ್ತಲೂ ಕೇಳುವ ಮೈಕೊಂದನ್ನು ಸಭಾಂಗಣದ ನಡುವೆ ತೂಗುಹಾಕಿದೆವು. ಅದಕ್ಕೆ ಸೀಲಿಂಗ್ ಫ್ಯಾನುಗಳ ಸದ್ದಿನ ಮೇಲೆ ಎಷ್ಟು ಪ್ರೀತಿ ಎಂದರೆ, ಮನುಷ್ಯರ ಕಡೆ ತಿರುಗಿಯೂ ನೋಡಲಿಲ್ಲ. ವೇದಿಕೆಯ ಕೆಳಗೆ, ಮೊದಲ ಸಾಲಿನ ಎದುರಿಗೇ ಇಟ್ಟರೆ ಹತ್ತಿರ ಕೂತ ನಮ್ಮ ಸಂಘದ ಒಬ್ಬರ ಚಪ್ಪಾಳೆ ಬಟ್ಟೆ ಒಗೆದ ಹಾಗೆ ದಪ್ ದಪ್ ಎಂದು ಬಡಿಯಿತು, ಉಳಿದವರು ನಾಪತ್ತೆ.

ಕಡೆಗೆ ಎರಡು ಮೈಕ್ ನಿಶ್ಚಯವಾದವು. ಎದುರಿನದು ಮಾತ್ರ ಕೇಳಿಸಿಕೊಂಡು ಬೆನ್ನ ಹಿಂದಿನದಕ್ಕೆ ಕಿವುಡಾಗುವ ಜಾತಿಯವು. ವೇದಿಕೆಯ ಈ ತುದಿಗೊಂದು, ಆ ತುದಿಗೊಂದು, ತಲೆಗಿಂತ ಎತ್ತರದಲ್ಲಿ. ಮುಖ ಜನರ ಕಡೆ, ಬೆನ್ನು ವಾದ್ಯಗಳ ಕಡೆ, ಸ್ಪೀಕರಿನ ದಾರಿಯಿಂದ ಹಿಂದಕ್ಕೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಅದೇ. ಸಭೆ ಬರಬೇಕು, ಸ್ಪೀಕರ್ ಬರಬಾರದು.

ಆದರೆ ಪರೀಕ್ಷೆ ಮಾಡುವುದು ಹೇಗೆ? ಸಭೆ ಇಲ್ಲದೆ ಸಭೆಯ ಮೈಕ್ ಪರೀಕ್ಷಿಸುವುದಾದರೂ ಹೇಗೆ? ಚಹಾದ ಆಸೆ ತೋರಿಸಿ ನನ್ನ ಕ್ಲಾಸಿನವರನ್ನೇ ಕರೆತಂದು ಕೂರಿಸಿದೆ. ಬಹಳ ನಿಷ್ಠೆಯಿಂದ ಚಪ್ಪಾಳೆ ತಟ್ಟಿದರು. ಅಮ್ಮ ಇಯರ್‌ಫೋನಿನಲ್ಲಿ ಕೇಳಿ, ‘ಸದ್ದೇನೋ ಬರ್ತಿದೆ. ಪಾಪ, ಕೆಲಸ ಮಾಡ್ತಿದಾರೆ’ ಎಂದರು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಒಳ್ಳೆಯ ಶಿಷ್ಯೆ. ಆದರೆ ನನ್ನದು ಹೆದರುವ ಸ್ವಭಾವ. ಪರೀಕ್ಷೆಗೆ ನಾಲ್ಕು ಪೆನ್ನು ಒಯ್ಯುವವಳು, ಬಸ್ಸು ಬರುವ ಮುಂಚೆಯೇ ಚಿಲ್ಲರೆ ಕೈಯಲ್ಲಿ ಹಿಡಿದು ನಿಲ್ಲುವವಳು. ಎರಡು ಸಾಲದೇ ಹೋದರೆ? ನಮ್ಮ ಸ್ಟೋರಿನಲ್ಲಿ ಒಂದು ಉದ್ದ ಮೈಕ್ ಇತ್ತು. ಸಿನಿಮಾ ಶೂಟಿಂಗಿನಲ್ಲಿ ಕೋಲಿಗೆ ಕಟ್ಟಿ ಹಿಡಿಯುತ್ತಾರಲ್ಲ, ಅದು. ಕೊಳವೆಯಲ್ಲಿ ಇಣುಕಿ ನೋಡಿದ ಹಾಗೆ, ತಾನು ಮುಖ ಮಾಡಿದ ಕಡೆಯದನ್ನು ಮಾತ್ರ ದೂರದಿಂದಲೂ ಹೆಕ್ಕಿ ತರುತ್ತದೆ. ಫ್ಯೂಸಣ್ಣ ನೋಡಿದ ಕೂಡಲೇ, ‘ಅದು ಬೇಡ. ಅದಕ್ಕೆ ಇಡೀ ಸಭೆ ಕೇಳಿಸಲ್ಲ, ಯಾರೋ ಒಬ್ಬಿಬ್ರು ಮನುಷ್ಯರು ಕೇಳಿಸ್ತಾರೆ’ ಎಂದರು. ನಾನು, ‘ಇರಲಿ ಅಣ್ಣ, ಸುಮ್ನೆ ಇರುತ್ತೆ, ದನಿ ಮುಚ್ಚಿಡ್ತೀನಿ’ ಎಂದೆ. ಪಕ್ಕದ ಗೋಡೆಗೆ ಕಟ್ಟಿದೆ. ಅದರ ಮೂತಿ ಎಲ್ಲಿಗೆ ತಿರುಗಿತೋ ಅಲ್ಲಿಗೆ ಬಿಟ್ಟೆ. ಅದು ಮೂರನೇ ಸಾಲಿಗೆ ತಿರುಗಿತ್ತು.

ಕಾರ್ಯಕ್ರಮದ ದಿನ ಸಭಾಂಗಣ ತುಂಬಿತು. ಹೆಡ್‌ಫೋನ್ ಹಾಕಿಕೊಂಡು ಹಿಂದಿನ ಗಾಜಿನ ಕೋಣೆಯಲ್ಲಿ, ಎಲ್ಲ ಮೈಕುಗಳ ದನಿ ಏರಿಸಿ ಇಳಿಸುವ ಮಿಕ್ಸರಿನ ಮುಂದೆ, ಫ್ಯೂಸಣ್ಣನ ಪಕ್ಕ ಕೂತೆ. ಅಮ್ಮನ ಕಿವಿಗೆ ಏನು ಹೋಗುತ್ತಿತ್ತೋ ಅದೇ ನನ್ನ ಕಿವಿಗೂ. ಮೊದಲ ಹಾಡು ಆಯಿತು, ಚಪ್ಪಾಳೆ ಬಂತು. ಸಣ್ಣದು. ಎರಡನೆಯದು ಆಯಿತು, ಇನ್ನೂ ಸಣ್ಣದು. ಹಾಡಿನ ನಡುವೆಯಂತೂ ಏನೂ ಇಲ್ಲ. ಕುರ್ಚಿಯ ಕಿರಕ್ ಸಹ ಇಲ್ಲ. ಮೈಕುಗಳು ಸರಿಯಾಗಿದ್ದವು, ಸದ್ದಿನ ಮಟ್ಟ ತೋರಿಸುವ ದೀಪಗಳು ಆಡುತ್ತಿದ್ದವು, ಆದರೆ ಸಭೆಯೇ ಸದ್ದು ಮಾಡುತ್ತಿರಲಿಲ್ಲ. ಅಮ್ಮನ ಮುಖ ನೋಡಿದೆ. ಅದೇ, ಗಾಜಿನ ತೊಟ್ಟಿಯ ಮುಂದೆ ನಿಂತ ಮುಖ. ತಲೆ ಎತ್ತಲಿಲ್ಲ. ಮೊದಲೆಲ್ಲ ಹಾಡಿಂದ ಹಾಡಿಗೆ ಜನರ ಜೊತೆ ಮಾತಾಡುತ್ತಿದ್ದವರು ಒಂದು ಅಕ್ಷರ ಆಡಲಿಲ್ಲ. ಚಪ್ಪಾಳೆ ಹಿಡಿಯುವ ಮೈಕ್ ಯಾವುದೆಂದು ಕಲಿತಿದ್ದೆ. ಸುಮ್ಮನಿರುವವರನ್ನು ಹಿಡಿಯುವ ಮೈಕ್ ಯಾವುದು, ಎಂಜಿನಿಯರ್ ಸರ್? ನಿಮಗಾದರೂ ಗೊತ್ತೇ?

ಪಿಟೀಲಿನವರ ತಂತಿ ಇಳಿದು ಅವರು ಶ್ರುತಿ ಮಾಡಿಕೊಳ್ಳುತ್ತಿದ್ದರು. ಅಮ್ಮ ನೀರು ಕುಡಿದು, ಪಕ್ಕದಲ್ಲಿದ್ದ ಚೀಲದ ಕಡೆ ನೋಡಿದರು. ಎದ್ದು ಹೋಗುವವರು ನೋಡುವ ಹಾಗೆ. ನನ್ನ ಕೈಕಾಲು ಆಡಲಿಲ್ಲ. ಆಡಿದ್ದು ಒಂದು ಬೆರಳು. ಅದು ಹೋಗಿ ಆ ಉದ್ದ ಮೈಕಿನ ಗುಂಡಿಯನ್ನು ಮೇಲಕ್ಕೆ ಎತ್ತಿಬಿಟ್ಟಿತು. ಕೆಮ್ಮಾದರೂ ಬರಲಿ, ಯಾರಾದರೂ ಇದ್ದಾರೆ ಎಂದಾದರೂ ಗೊತ್ತಾಗಲಿ ಎಂದು.

ಕೆಮ್ಮು ಬರಲಿಲ್ಲ. ನಮ್ಮ ಹಾಸ್ಟೆಲಿನ ವಾರ್ಡನ್ ಮಿಸ್ ಬಂದರು.

ನಾನು ಶಾಲೆ ಓದಿದ ಹಾಸ್ಟೆಲಿನ ವಾರ್ಡನ್ ಅವರು. ನಾನೇ ಆಹ್ವಾನ ಕಳಿಸಿದ್ದೆ, ಆದರೆ ಎಲ್ಲಿ ಕೂತಿದ್ದಾರೆಂದು ಗೊತ್ತಿರಲಿಲ್ಲ. ಜೀವಮಾನವಿಡೀ ಮಕ್ಕಳನ್ನು ಕೂಗಿ ಕೂಗಿ ಅವರಿಗೆ ಪಿಸುಮಾತು ಮರೆತುಹೋಗಿದೆ. ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡೇ ಪಕ್ಕದಲ್ಲಿ ಕೂತ ಯಾರೋ ಮಹಿಳೆಗೆ ಹೇಳುತ್ತಿದ್ದರು. ಅದು ನನ್ನ ಕಿವಿಗೂ, ವೇದಿಕೆಯ ಮೇಲೆ ಅಮ್ಮನ ಕಿವಿಗೂ, ಬಾಯಿ ಹತ್ತಿರ ತಂದು ಹೇಳಿದಷ್ಟು ಸ್ಪಷ್ಟವಾಗಿ ಬಂತು.

‘ಇವರ ಮಗಳು ನಮ್ ಹಾಸ್ಟೆಲಲ್ಲೇ ಇದ್ದಿದ್ದು ರೀ. ನಾನೇ ತಲೆ ಬಾಚ್ತಿದ್ದೆ.’

‘ಹೌದೇನ್ರೀ! ಅಮ್ಮನ ಹಾಡು ಕೇಳ್ತಾ ಬೆಳೆದವಳು ಅನ್ನಿ.’

‘ಹಾಡಾ? ಎಲ್ಲಿ ಹಾಡು! ಭಾನುವಾರ ಮಧ್ಯಾಹ್ನ ಎಲ್ಲರ ತಾಯ್ದಿರೂ ನೋಡೋಕೆ ಬರೋರು. ಇವರು ಪ್ರೋಗ್ರಾಮ್ ಮೇಲಿರೋರು, ಇವಳು ಮಂಚದ ಮೇಲೆ ಕೂತು ಇವರ ರೆಕಾರ್ಡ್ ಹಾಕ್ಕೊಳ್ಳೋಳು. ಹಾಡು ಬಂತು ಅಂದ್ರೆ ಮುಂದಕ್ಕೆ ಓಡಿಸೋದು. ಚಪ್ಪಾಳೆ ಬಂದ್ರೆ ನಿಲ್ಲಿಸೋದು.’

‘ಅಯ್ಯೋ, ಯಾಕಂತೆ?’

‘ಚಪ್ಪಾಳೆ ಆದ್ಮೇಲೆ ಇವರು ಜನರ ಹತ್ರ ಎರಡು ಮಾತಾಡ್ತಿದ್ರು ನೋಡಿ. ಎಲ್ಲಾ ಚೆನ್ನಾಗಿದೀರಾ, ಹಿಂದೆ ಕೂತವ್ರಿಗೆ ಕೇಳಿಸ್ತಿದ್ಯಾ ಅಂತ. ಈ ಕೂಸು ಅದಕ್ಕೆ ಹ್ಞೂಂ ಅಮ್ಮ, ಕೇಳಿಸ್ತಿದೆ ಅನ್ನೋದು. ನಾನು ಬಾಗಿಲ ಹೊರಗಿಂದ ಕೇಳಿ ಕೇಳಿ...’

ಸಭಿಕರೇ, ಈ ಭಾಗವನ್ನು ಓದಬೇಡ ಎಂದು ನಾನು ಗೀಟು ಹಾಕಿಕೊಂಡಿದ್ದೆ. ಓದಿಬಿಟ್ಟೆ. ಇರಲಿ. ವಿಷಯಕ್ಕೆ ಸಂಬಂಧವಿದೆ. ಒಂದು ವರ್ಷ ಅಮ್ಮನ ಹೊಸ ರೆಕಾರ್ಡ್ ಬಂದಾಗ ಅದರಲ್ಲಿ ಚಪ್ಪಾಳೆಯನ್ನೂ ಮಾತನ್ನೂ ಕತ್ತರಿಸಿ ಬರೀ ಹಾಡು ಉಳಿಸಿದ್ದರು. ಬಹಳ ಸ್ವಚ್ಛವಾಗಿದೆ ಎಂದು ಎಲ್ಲರೂ ಹೊಗಳಿದರು. ನಾನು ಅದನ್ನು ಮೊದಲಿನಿಂದ ಕೊನೆಯವರೆಗೆ ಓಡಿಸಿ, ಮತ್ತೆ ಹಿಂದಕ್ಕೆ ಓಡಿಸಿ... ಹೋಗಲಿ ಬಿಡಿ. ತಾಂತ್ರಿಕವಾಗಿ ಹೇಳುವುದಾದರೆ, ಸಭೆಯ ಸದ್ದು ಮುಖ್ಯ.

ಗುಂಡಿಯನ್ನು ಕೆಳಗಿಳಿಸಬೇಕಿತ್ತು. ಇಳಿಸಲಿಲ್ಲ, ಆಗಲಿಲ್ಲ. ಅಷ್ಟರಲ್ಲಿ ಮಿಸ್ ಪಕ್ಕದ ಮಹಿಳೆ ಕೇಳಿದರು, ‘ಮತ್ತೆ ಈಗ ಯಾಕ್ರೀ ಮಾತೇ ಆಡ್ತಿಲ್ಲ ಇವರು?’

‘ಅದೇ ನೋಡ್ತಿದೀನಿ. ಮುಖ ಪರೀಕ್ಷೆಗೆ ಕೂತ ಹಾಗಿದೆ. ಹಾಡೋದೇನೋ ಎಷ್ಟು ಚೆನ್ನಾಗಿ ಹಾಡ್ತಿದಾರೆ ಅಂದ್ರೆ, ಚಪ್ಪಾಳೆ ಹೊಡೆಯೋಕೂ ಮನಸ್ಸು ಬರ್ಲಿಲ್ಲ ನಂಗೆ. ಸದ್ದು ಮಾಡಿ ಯಾಕೆ ಕೆಡಿಸೋದು ಅಂತ. ಸುತ್ತ ನೋಡಿ, ಯಾರಾದ್ರೂ ಅಲ್ಲಾಡ್ತಿದಾರಾ?’

ಅಮ್ಮ ತಲೆ ಎತ್ತಿದರು.

ಕಾರ್ಯಕ್ರಮ ಶುರುವಾದ ಮೇಲೆ ಅದೇ ಮೊದಲ ಸಲ ಸಭೆಯನ್ನು ನೋಡಿದರು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ನಿಧಾನವಾಗಿ. ಆ ಸುಮ್ಮನಿರುವಿಕೆ ಏನೆಂದು ಈಗ ಅವರಿಗೆ ಗೊತ್ತಿತ್ತು. ಪಿಟೀಲಿನವರು ಆಯಿತು ಎಂದು ತಲೆಯಾಡಿಸಿದರು. ಅಮ್ಮ ಹಾಡು ಎತ್ತಲಿಲ್ಲ. ಮೈಕಿಗೆ ಇನ್ನಷ್ಟು ಹತ್ತಿರ ಬಂದು, ‘ಎಲ್ಲಾ ಚೆನ್ನಾಗಿದೀರಾ?’ ಎಂದು ಕೇಳಿದರು. ಆಮೇಲೆ ನಮ್ಮ ಗಾಜಿನ ಕೋಣೆಯ ಕಡೆ ನೇರವಾಗಿ ನೋಡಿ, ‘ಹಿಂದೆ ಕೂತವ್ರಿಗೆ ಕೇಳಿಸ್ತಿದ್ಯಾ?’ ಎಂದರು.

ಇಡೀ ಸಭಾಂಗಣ ‘ಕೇಳಿಸ್ತಿದೆ’ ಎಂದು ಕೂಗಿತು. ಆಗ ನೋಡಿ, ತುದಿಗಳ ಆ ಎರಡು ಮೈಕುಗಳು ತಮ್ಮ ಕೆಲಸ ಮಾಡಿದವು. ಎಡಗಿವಿಯಿಂದ ಬಲಗಿವಿಯವರೆಗೆ ಅಷ್ಟೂ ಜನ ಬಂದು ನಿಂತರು. ಅಮ್ಮ ನಕ್ಕಿದ್ದು ನಿಮಗೆಲ್ಲ ಕಾಣಿಸಿತು. ಯಾಕೆ ನಕ್ಕರು ಎಂಬುದು ಇವತ್ತು ಗೊತ್ತಾಯಿತು. ನನ್ನ ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದಾಗ ಫ್ಯೂಸಣ್ಣ, ‘ಏಯ್, ಆ ಕಡೆ ತಿರುಗಿ ಅಳು, ಮಿಕ್ಸರ್ ಒಳಗೆ ನೀರು ಹೋದ್ರೆ ನಂಗೆ ಎರಡನೇ ಹೆಸರಿಡ್ತಾರೆ’ ಎಂದರು.

ಮುಂದಿನದು ನೀವೇ ಕೇಳಿದ್ದೀರಿ. ಹಾಡುಗಳು, ನಡುನಡುವೆ ಮಾತು, ನಗು, ಕೊನೆಗೆ ಇನ್ನೊಂದು ಹಾಡಲೇಬೇಕೆಂದು ನಿಮ್ಮ ಹಟ. ಹೊರಗೆ ಅಪ್ಪ ವ್ಯಾನಿನ ಇಂಜಿನ್ ಎರಡು ಸಲ ಶುರು ಮಾಡಿ ಎರಡು ಸಲ ಆರಿಸಿದರು.

ಎಲ್ಲ ಮುಗಿದ ಮೇಲೆ ಅಮ್ಮನ ಹತ್ತಿರ ಹೋದೆ. ಅಪ್ಪಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

‘ನನ್ನ ಹಾಡೆಲ್ಲ ಓಡಿಸ್ತಿದ್ಯೇನೇ?’

‘ಎಲ್ಲ ಅಲ್ಲಮ್ಮಾ...’

‘ಗಂಟಲು ಹರ್ಕೊಂಡು ಹಾಡಿದ್ದು ಕಣೇ ಅವೆಲ್ಲ! ಒಂದಾದ್ರೂ ಪೂರ್ತಿ ಕೇಳಿದ್ಯಾ?’

‘ಇವತ್ತಿನದು ಪೂರ್ತಿ ಕೇಳ್ದೆ.’

ಆಮೇಲೆ ಅಪ್ಪಿಕೊಂಡರು. ಅಷ್ಟು ವಿವರ ಸಾಕು, ಇದು ತಾಂತ್ರಿಕ ಭಾಷಣ.

ವಾರ್ಡನ್ ಮಿಸ್ ಇವತ್ತೂ ಬಂದಿದ್ದಾರೆ, ಇವತ್ತೂ ಮೂರನೇ ಸಾಲಿನಲ್ಲೇ ಇದ್ದಾರೆ. ಮಿಸ್, ನಿಮ್ಮ ಮಾತು ವೇದಿಕೆಗೆ ಹೋಗಿತ್ತು ಎಂದು ನಿಮಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ದಯವಿಟ್ಟು ಹಾಗೆ ನೋಡಬೇಡಿ, ಹಳೆಯ ಅಭ್ಯಾಸ, ನನ್ನ ಕೈ ತಾನಾಗಿ ಕಟ್ಟಿಕೊಳ್ಳುತ್ತದೆ. ಇನ್ನು ಮೇಲೆ ನಮ್ಮ ಸಭಾಂಗಣದ ಬಾಗಿಲಲ್ಲಿ ಫಲಕ ಹಾಕಲು ಪ್ರಾಂಶುಪಾಲರು ಒಪ್ಪಿದ್ದಾರೆ, ‘ಇಲ್ಲಿ ಆಡಿದ ಮಾತು ಹಾಡುವವರಿಗೂ ಕೇಳಿಸಬಹುದು’ ಎಂದು. ಅವರಲ್ಲಿ ಇನ್ನೊಂದು ಬಿನ್ನಹ ಉಂಟು. ಮೊನ್ನೆಯ ರೆಕಾರ್ಡಿಂಗನ್ನು ಹೊರಗೆ ತರುವಾಗ ಸ್ವಚ್ಛ ಮಾಡುತ್ತೇವೆಂದು ಯಾರಾದರೂ ಕತ್ತರಿ ತಂದರೆ, ಸರ್, ದಯವಿಟ್ಟು ಬಾಗಿಲಲ್ಲೇ ಕಸಿದುಕೊಳ್ಳಿ.

ಅಮ್ಮನಿಗೂ ಇವತ್ತಿನ ಸಭೆಗೆ ಆಹ್ವಾನ ಹೋಗಿತ್ತು. ಅವರು ಬಂದಿಲ್ಲ. ಬರಲಾಗಲಿಲ್ಲ ಎಂದು ಹೇಳುವಾಗ ನನಗೆ ಎಷ್ಟು ಸಂತೋಷವಾಗುತ್ತಿದೆ ಎಂದು ಹೇಗೆ ಹೇಳಲಿ? ಬೇರೆ ಊರಿನಲ್ಲಿ ಇವತ್ತು ಅವರ ಕಛೇರಿ. ಈ ವೇದಿಕೆ ಹತ್ತುವ ಸ್ವಲ್ಪ ಮುಂಚೆ ಅಲ್ಲಿಂದ ಫೋನ್ ಬಂತು.

‘ಕೂಸೇ, ಇಲ್ಲಿನ ಸೌಂಡ್‌ನವರು ನನ್ನ ಮುಖಾನೇ ನೋಡ್ತಿದಾರೆ. ಜನ ನಿಮ್ಮನ್ನ ಕೇಳೋಕೆ ಬರ್ತಾರೆ ಮೇಡಂ, ನೀವು ಜನರನ್ನ ಯಾಕೆ ಕೇಳ್ಬೇಕು ಅಂತಾರೆ. ನೀನೇ ಹೇಳು ಇವರಿಗೆ.’

ಹೇಳಿದೆ. ತುದಿಗೊಂದು, ತುದಿಗೊಂದು, ಎತ್ತರದಲ್ಲಿ, ಮುಖ ಜನರ ಕಡೆ. ಅವರು ‘ಸರಿ ಮೇಡಂ’ ಎಂದರು. ನನ್ನನ್ನು ಮೇಡಂ ಎಂದ ಮೊದಲ ಮನುಷ್ಯ. ಅಮ್ಮ ಮತ್ತೆ ಫೋನ್ ತೆಗೆದುಕೊಂಡರು.

‘ಆ ಉದ್ದದ್ದು?’

‘ಅದು ಬೇಡಮ್ಮಾ. ಫ್ಯೂಸಣ್ಣ ಹೇಳಿದ್ದೇ ಸರಿ. ಅದರಲ್ಲಿ ಸಭೆ ಬರಲ್ಲ, ಯಾರೋ ಒಬ್ಬರ ಮಾತು ಬರುತ್ತೆ ಅಷ್ಟೇ.’

‘ಒಬ್ಬರ ಮಾತು ಬಂದಿದ್ದಕ್ಕೇ ತಾನೇ ನಾನಿವತ್ತು ಇಲ್ಲಿರೋದು? ಇರ್ಲಿ, ಒಂದು ಹಾಕ್ಸು.’

ಹಾಕಿಸಿದ್ದೇನೆ. ಆ ಊರಿನಲ್ಲಿ ಈ ಹೊತ್ತಿಗೆ ಹಾಡು ಶುರುವಾಗಿರುತ್ತದೆ, ಯಾವುದೋ ಸಾಲಿನಲ್ಲಿ ಯಾರೋ ಪಕ್ಕದವರ ಕಿವಿಯಲ್ಲಿ ಏನೋ ಹೇಳುತ್ತಿರುತ್ತಾರೆ. ಹೇಳಲಿ.

ನನಗೆ ಕಲಿಸಿದ ಹಿರಿಯರಿಗೆ, ಮಾತಾಡಲು ಅವಕಾಶ ಕೊಟ್ಟ ಅಧ್ಯಕ್ಷರಿಗೆ, ಇಷ್ಟು ಹೊತ್ತು ಒಬ್ಬರೂ ಅಲ್ಲಾಡದೆ ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ನಿಮ್ಮ ಮೌನವನ್ನು ನಾನು ಒಳ್ಳೆಯ ಅರ್ಥದಲ್ಲೇ ತೆಗೆದುಕೊಂಡಿದ್ದೇನೆ. ನಮಸ್ಕಾರ.